ಈ ಸಲ ಪ್ಲೇಟ್ ಚೇಂಜ್ ಮಾಡು

ಅಣ್ಣಾ, ಎದ್ದ ಕೂಡಲೇ ಇದನ್ನು ಓದು. ಕಾಫಿ ಆಮೇಲೆ.

ಅವ್ವನ ಬೋಂಡಾ ಗಾಡಿಗೆ ನೀನು ಹಾಕಿದ ಚಕ್ರ ಇನ್ನು ಬೇಡ. ಅದರ ಕಡ್ಡಿಯನ್ನು ಗಾಡಿಯ ಕಾಲಿನ ಪೈಪಿನೊಳಗೆ ತೂರಿಸಿ "ಗಟ್ಟಿ ಐತೆ ಬುಡು" ಅಂದೆಯಲ್ಲ? ಹೋದ ಭಾನುವಾರ ಸಾವನದುರ್ಗದಲ್ಲಿ ಬಿಸಿಲು ಬಂತೆಂದು ಅವ್ವ ಗಾಡಿ ಎತ್ತಿ ಸರಿಸಿದರೆ, ಚಕ್ರ ಕಳಚಿ ನೆಲದಲ್ಲೇ ಉಳಿಯಿತು. ಗಾಡಿ ವಾಲಿ, ಬಾಂಡ್ಲಿಯ ಕಾದ ಎಣ್ಣೆ ಅವಳ ಪಾದದ ಪಕ್ಕದಲ್ಲೇ ಚೆಲ್ಲಿತು.

ಅವ್ವ ನಿನಗೆ ಹೇಳಿಲ್ಲ. ನನಗೆ ಮಾತ್ರ, "ಥೇಟ್ ನಿಮ್ಮಪ್ಪನೇ ಕಣೆ ಆ ಚಕ್ರ, ನಾನ್ ಒಂದ್ ಕಡೆ ಎಳುದ್ರೆ ಅದು ಇನ್ನೊಂದ್ ಕಡೆ ಹೋಯ್ತದೆ" ಅಂತ ನಕ್ಕಳು. ಊರಿನವರನ್ನೆಲ್ಲ ಅಣಕಿಸುವ ನನಗೆ ಆ ನಗುವನ್ನು ಅಣಕಿಸಲು ಆಗಲಿಲ್ಲ.

ನಾಳೆ ಮತ್ತೆ ಹೊರಡುತ್ತಾಳೆ. ಇವತ್ತೇ ವೆಲ್ಡಿಂಗ್ ಮರಿಯಪ್ಪನ ಹತ್ತಿರ ಗಾಡಿ ತಗೊಂಡು ಹೋಗು. ಕಾಲುಗಳ ತುದಿಗೆ ಚಪ್ಪಟೆ ಕಬ್ಬಿಣ ಕೂರಿಸಲಿ. ಅದಕ್ಕೆ ಕಡ್ಡಿಯ ಬದಲು ಪ್ಲೇಟ್ ಇರುವ ಚಕ್ರ, ಮೂಲೆಗೊಂದು ಬೋಲ್ಟ್. ತೂತಿಗೆ ತೂತು ಹೊಂದುತ್ತಾ ನೋಡಿಕೊಂಡು ಚಕ್ರ ಕೊಳ್ಳು. ಎರಡಕ್ಕಾದರೂ ಬ್ರೇಕ್ ಇರಲಿ.

ಕೊಟ್ಟ ಮಾತಿಗೆ ದಿನಾ ಪ್ಲೇಟ್ ಚೇಂಜ್ ಮಾಡ್ತೀಯ. ಇವತ್ತು ಗಾಡಿಗೆ ಮಾಡು ಮಾರಾಯ.

ನಾನು ಓಡ್ತಿದ್ದೀನಿ, ಇಲ್ಲದಿದ್ದರೆ ಹಾರೋಹಳ್ಳಿ ಬಸ್ಸು ಹಾರಿಹೋಗುತ್ತೆ. ರಾತ್ರಿಯಿಡೀ ನಿದ್ದೆಯಿಲ್ಲ, ಕಣ್ಣು ಮುಚ್ಚಿದರೆ ಅದೇ ಬಾಂಡ್ಲಿ.

ಅಂದಹಾಗೆ, ಗಾಡಿಯ ಗ್ಯಾಸ್ ರೆಗ್ಯುಲೇಟರ್ ನನ್ನ ಬ್ಯಾಗಿನಲ್ಲಿದೆ. ಅವ್ವ ಹುಡುಕಿದರೆ ಗೊತ್ತಿಲ್ಲ ಅನ್ನು. ಸಂಜೆ ಬಂದು ಒಂದೊಂದು ಬೋಲ್ಟನ್ನೂ ನಾನೇ ತಿರುಗಿಸಿ ನೋಡುತ್ತೇನೆ. ಒಂದು ಅಲ್ಲಾಡಿದರೂ ನಾಳೆ ಒಲೆ ಹತ್ತೋದಿಲ್ಲ.

ತೇಜು