ಸತ್ತಂತೆ ಬೀಳುವ ಜೀರುಂಡೆ

ನನ್ನ ಮೊಂಡು ಮೊಮ್ಮಗಳಿಗೆ ಆಶೀರ್ವಾದ.

ಅಜ್ಜಿಯ ಕಾಗದಕ್ಕೆ ಉತ್ತರ ಬರೆಯದಷ್ಟು ದೊಡ್ಡವಳಾದೆಯೇನೇ? ಹೊಟ್ಟೆಯ ಕೂಸು ಹೋದ ಮೇಲೆ ನೀನು ಕೋಣೆ ಬಿಟ್ಟು ಹೊರಗೆ ಬರುತ್ತಿಲ್ಲವೆಂದು ನಿನ್ನಮ್ಮ ಹೇಳಿದಳು. ಆ ಮಾತು ನಾನು ಎತ್ತುವುದಿಲ್ಲ. ನನಗೆ ಬೇರೆ ಕೆಲಸವಿದೆ.

ಬಚ್ಚಲ ಹಿಂದೆ ಒಂದು ಜೀರುಂಡೆ ಸಿಕ್ಕಿದೆ. ಕಪ್ಪು ಬೆನ್ನು, ಅಂಚಿಗೆ ಹಳದಿ ಗೆರೆ, ನಿನ್ನ ತಾತನ ಮೂಗಿನಷ್ಟು ಉದ್ದದ ಮೂತಿ. ಮುಟ್ಟಿದರೆ ಕಾಲು ಮಡಚಿ ಸತ್ತಂತೆ ಬೀಳುತ್ತದೆ. ಮೊದಲು ನಾನು ಕಸವೆಂದು ಗುಡಿಸಿಯೇಬಿಟ್ಟಿದ್ದೆ. ಕೆಣಕದೆ ಪಕ್ಕದಲ್ಲಿ ಕೂತರೆ, ಒಂದೊಂದೇ ಕಾಲು ಚಾಚಿ ಮೆಲ್ಲಗೆ ನಡೆಯುತ್ತದೆ.

ಹುಳು ನೋಡಿ ಹೆಸರು ಹೇಳುವುದು ನಿನ್ನ ಉದ್ಯೋಗವಲ್ಲವೇ? ಬಂದು ಹೇಳು. ಬೇರೇನೂ ಮಾತಾಡಬೇಡ, ನಾನೂ ಕೇಳುವುದಿಲ್ಲ.

ಯಾವ ಬಸ್ಸಿಗೆ ಬರುತ್ತೀಯೆಂದು ಮುಂದಿನ ತಿಂಗಳು ಬರುವುದರೊಳಗೆ ಬರಿ.

ನಿನ್ನ ಅಜ್ಜಿ