ನೋವು ಮಂಗಳವಾರ ಬರಲಿಲ್ಲ

ಮಹಿಳಾ ಆಸ್ಪತ್ರೆಯ ಮಾನ್ಯ ಅಧೀಕ್ಷಕರೇ,

ನನ್ನ ಅಕ್ಕನ ಹೊಟ್ಟೆನೋವು ಮಂಗಳವಾರ ಬರದೆ ಗುರುವಾರ ಬಂದದ್ದಕ್ಕೆ ಮೊದಲು ಅವಳ ಪರವಾಗಿ ಕ್ಷಮೆ ಕೇಳುತ್ತೇನೆ. ಅದರ ಮುಂದಿನ ತಿಂಗಳು ಅದು ಶನಿವಾರ ಬಂತು, ಆಮೇಲೊಮ್ಮೆ ಭಾನುವಾರ, ನಿಮ್ಮ ಕಾವಲುಗಾರ ಕೂಡ ಇರದ ದಿನ. ಮಕ್ಕಳಿಗಾಗಿ ಕಾಯುತ್ತಿರುವ ಹೆಂಗಸರ ತೊಂದರೆಯನ್ನು ನಿಮ್ಮ ಆಸ್ಪತ್ರೆ ಮಂಗಳವಾರ ಬೆಳಿಗ್ಗೆ ಮಾತ್ರ ನೋಡುತ್ತದೆ ಎಂಬುದು ಅವಳ ಹೊಟ್ಟೆಗೆ ತಿಳಿದಿರಲಿಲ್ಲ. ಅದಕ್ಕೆ ತಿಳಿಸಿ ಹೇಳುವುದು ನಮಗೂ ಬರಲಿಲ್ಲ. ನಿಮ್ಮ ಮಂಗಳವಾರ ಮತ್ತು ನಿಮ್ಮ ಗೋಡೆಯ ಮೇಲಿನ ಒಂದು ಸಾಲಿನ ಬೋರ್ಡು, ಇವೆರಡೂ ಸೇರಿ ನನ್ನ ಅಕ್ಕನಿಂದ ಹೆಚ್ಚುಕಡಿಮೆ ಒಂದು ವರ್ಷವನ್ನು ಕಿತ್ತುಕೊಂಡಿವೆ. ನನ್ನ ದೂರು ಇಷ್ಟೇ. ಮುಂದಿನದೆಲ್ಲ ಅದರ ವಿವರಣೆ.

ನಾನು ಕಾಲೇಜಿನ ಫಸ್ಟ್ ಇಯರ್ ವಿದ್ಯಾರ್ಥಿನಿ. ಚಿಕ್ಕಂದಿನಿಂದ ಹಾಸ್ಟೆಲುಗಳಲ್ಲೇ ಓದಿ, ಕಾಲೇಜಿಗೆಂದು ಈ ವರ್ಷ ಅಕ್ಕ ಭಾವನ ಎರಡು ಕೋಣೆಯ ಮನೆಗೆ ಬಂದು ಸೇರಿದವಳು. ಈ ಪತ್ರ ಪತ್ರಿಕೆಯಲ್ಲಿ ಅಚ್ಚಾದ ಮೇಲೆ ನಿಮ್ಮ ಕೌಂಟರಿನಲ್ಲಿ ಯಾರಾದರೂ ಅಕ್ಕನ ಮುಖ ಗುರುತಿಸಿ ಚೀಟಿ ಕೊಡಲು ಸತಾಯಿಸುತ್ತಾರೇನೋ ಎಂಬ ಭಯ ನನಗಿದೆ. ಆದ್ದರಿಂದ ಅವಳ ಹೆಸರನ್ನೂ ನನ್ನ ಹೆಸರನ್ನೂ ಬರೆದಿಲ್ಲ. ಒಂದು ವರ್ಷದಿಂದ ನಿಮ್ಮ ಆಸ್ಪತ್ರೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆದವರೂ ಯಾರೂ ಇಲ್ಲ, ಟೋಕನ್ ಸಂಖ್ಯೆಯಲ್ಲೇ ಎಲ್ಲ ನಡೆದಿದೆ. ಹಾಗಾಗಿ ನಿಮಗೆ ಏನೂ ಕಡಿಮೆಯಾದಂತೆ ಅನಿಸದು.

ಇದು ಮುಟ್ಟಿನ ನೋವಲ್ಲ. ಎರಡು ಮುಟ್ಟುಗಳ ನಡುವೆ, ಅಂಡಾಶಯದಿಂದ ಅಂಡಾಣು ಹೊರಬೀಳುವ ಹೊತ್ತಿಗೆ ಬರುವ ನೋವು. ಬಹಳಷ್ಟು ಹೆಂಗಸರಿಗೆ ಅದು ಬಂದದ್ದೇ ಗೊತ್ತಾಗುವುದಿಲ್ಲವಂತೆ, ಕೆಲವರಿಗೆ ಒಂದು ಚಿವುಟು. ನನ್ನ ಅಕ್ಕನಿಗೆ ಯಾರೋ ಒಳಗಿನಿಂದ ಕೊಕ್ಕೆ ಹಾಕಿ ಎಳೆದಂತೆ. ಒಂದು ತಿಂಗಳು ಎಡಗಡೆ, ಒಂದು ತಿಂಗಳು ಬಲಗಡೆ. ಅವಳು ಕೆಲಸ ಮಾಡುವುದು ಸ್ಕೂಲ್ ಯೂನಿಫಾರ್ಮ್ ಹೊಲಿಯುವ ಕಾರ್ಖಾನೆಯಲ್ಲಿ, ಶರ್ಟುಗಳಿಗೆ ಕಾಜಾ ಹಾಕುವ ಮೆಷಿನ್ನಿನ ಮೇಲೆ. ಒಂದೊಂದು ಕಾಜಾಕ್ಕೂ ಬಲಗಾಲಿನಿಂದ ಪೆಡಲ್ ಒತ್ತಬೇಕು. ಎಡಗಡೆಯ ತಿಂಗಳು ಹೇಗೋ ದಾಟುತ್ತದೆ. ಬಲಗಡೆಯ ತಿಂಗಳು ಪ್ರತಿ ಕಾಜಾವೂ ಹೊಟ್ಟೆಯಲ್ಲೇ ಕತ್ತರಿಸಿದ ಹಾಗಿರುತ್ತದೆ ಎಂದು ಒಮ್ಮೆ ಹೇಳಿದ್ದಳು. ಹೇಳಿ, ತಕ್ಷಣ ನಕ್ಕು, ನನ್ನ ಇಂಟರ್ನಲ್ಸ್ ಯಾವಾಗ ಎಂದು ಕೇಳಿದ್ದಳು.

ಅವಳು ಎಲ್ಲವನ್ನೂ ತಮಾಷೆ ಮಾಡಿಕೊಂಡೇ ನಿಭಾಯಿಸುವವಳು. ಈ ನೋವಿಗೆ ಅವಳಿಟ್ಟ ಹೆಸರು ಆಡಿಟರ್. ಹೇಳದೆ ಕೇಳದೆ ಬರುತ್ತಾನೆ, ಮೂಲೆ ಮೂಲೆ ಕೆದಕುತ್ತಾನೆ, ಹೋದ ಮೇಲೂ ಒಂದು ದಿನ ಯಾರಿಗೂ ಕೆಲಸ ಸಾಗುವುದಿಲ್ಲ. ಬೆಳಿಗ್ಗೆ ಅಡುಗೆಮನೆಯಿಂದ “ಆಡಿಟರ್ ಬಂದ್ರು” ಎಂದು ಅವಳು ಕೂಗಿದರೆ, ಲಿಫ್ಟ್ ಮೆಕ್ಯಾನಿಕ್ ಆದ ನಮ್ಮ ಭಾವ ಹಾಕಿಕೊಳ್ಳುತ್ತಿದ್ದ ಶೂ ಅರ್ಧಕ್ಕೇ ಬಿಟ್ಟು ಬಿಸಿನೀರಿನ ಬಾಟಲಿ ಹುಡುಕುತ್ತಿದ್ದರು. ನಾನು, ಈವತ್ತು ಲೈಬ್ರರಿಯಲ್ಲಿ ಓದಿಕೊಂಡು ಸ್ವಲ್ಪ ತಡವಾಗಿ ಬರುತ್ತೇನೆ ಎನ್ನುತ್ತಿದ್ದೆ. ಅದಕ್ಕೆ ಯಾರೂ ಯಾಕೆಂದು ಕೇಳುತ್ತಿರಲಿಲ್ಲ. ನಾನು ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಮಾನ್ಯರೇ, ವೈದ್ಯರಾದ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಅಂಡಾಣು ಹೊರಬೀಳುವ ದಿನವೇ ಮಗು ನಿಲ್ಲುವ ಸಾಧ್ಯತೆಯ ದಿನ. ಅವಳ ಆಸೆಗೂ ನೋವಿಗೂ ಕ್ಯಾಲೆಂಡರಿನಲ್ಲಿ ಒಂದೇ ಮನೆ. ನಾನು ಲೈಬ್ರರಿಯಲ್ಲಿ ಕೂತು ಪುಟ ತಿರುಗಿಸದೆ ನೋಡುತ್ತಿದ್ದ ಆ ಸಂಜೆಗಳಲ್ಲಿ ಮನೆಯಲ್ಲಿ ಏನು ನಡೆಯುತ್ತಿತ್ತು ಎಂದರೆ, ಬಹಳ ಸಲ ಏನೂ ನಡೆಯುತ್ತಿರಲಿಲ್ಲ. ಅವಳು ಮಂಡಿ ಎದೆಗೊತ್ತಿಕೊಂಡು ಗೋಡೆ ಕಡೆ ತಿರುಗಿ ಮಲಗಿರುತ್ತಿದ್ದಳು. ಭಾವ ಪಕ್ಕದಲ್ಲಿ ಕೂತು ಆರಿದ ನೀರನ್ನು ಚೆಲ್ಲಿ ಬಿಸಿನೀರು ತುಂಬಿ ತರುತ್ತಿದ್ದರು. ನಾನು ಬಾಗಿಲು ತೆರೆದು ಒಳಗೆ ಬಂದಾಗ ಇಬ್ಬರೂ ಸಿಕ್ಕಿಬಿದ್ದವರಂತೆ ನನ್ನತ್ತ ನೋಡುತ್ತಿದ್ದರು.

ಹಾಗಾದರೆ ಒಂದು ನೋವಿನ ಮಾತ್ರೆ ನುಂಗಬಾರದಿತ್ತೇ ಎಂದು ನೀವು ಕೇಳುವಿರಿ. ದಯವಿಟ್ಟು ನಿಮ್ಮ ಕುರ್ಚಿಯಿಂದ ಎದ್ದು, ಹೊರರೋಗಿಗಳ ವಿಭಾಗದ ಕಾರಿಡಾರಿನಲ್ಲಿ ಕೈತೊಳೆಯುವ ಬೇಸಿನ್ನಿನ ಮೇಲಿರುವ ಬೋರ್ಡನ್ನು ಒಮ್ಮೆ ಓದಿ. “ಗರ್ಭಧಾರಣೆ ಬಯಸುವವರು ವೈದ್ಯರನ್ನು ಕೇಳದೆ ಯಾವುದೇ ನೋವಿನ ಮಾತ್ರೆ ಸೇವಿಸಬಾರದು.” ದಪ್ಪ ಅಕ್ಷರ, ಕೆಂಪು ಬಣ್ಣ, ಕೆಳಗೆ ನಗುತ್ತಿರುವ ಒಂದು ಮಗುವಿನ ಚಿತ್ರ. ಮೊದಲ ಸಲ ಬಂದಾಗ ಅಕ್ಕ ಅದರ ಎದುರಿನ ಬೆಂಚಿನಲ್ಲೇ ಕೂತಿದ್ದಳು. ಓದಿದಳು, ಮನೆಗೆ ಹೋಗಿ ಕಪಾಟಿನಲ್ಲಿದ್ದ ತಲೆನೋವಿನ ಮಾತ್ರೆಗಳನ್ನೆಲ್ಲ ಕಸದ ಬುಟ್ಟಿಗೆ ಹಾಕಿದಳು. ವೈದ್ಯರನ್ನು ಕೇಳೋಣ ಎಂದುಕೊಂಡಿದ್ದಳು. ಕೇಳಲು ಹೋದದ್ದು ಹೇಗಿತ್ತೆಂದು ಹೇಳುತ್ತೇನೆ.

ಆ ಮೊದಲ ಮಂಗಳವಾರ ಅವಳ ಸರದಿ ಬಂದಾಗ ಒಳಗೆ ಏಕಕಾಲಕ್ಕೆ ಮೂವರು ರೋಗಿಗಳಿದ್ದರು. ಅಕ್ಕ ಮೆಲ್ಲಗೆ ಎಲ್ಲ ಹೇಳಿದಳು. ಬರೆಯುತ್ತಿದ್ದ ವೈದ್ಯರು ತಲೆ ಎತ್ತದೆ, ಈಗ ನೋವಿದೆಯಾ ಎಂದರು. ಈಗ ಇಲ್ಲ ಎಂದಳು.

“ನೋವಿಲ್ಲದಿದ್ರೆ ನಾನೇನಮ್ಮಾ ನೋಡ್ಲಿ? ನೋವಿದ್ದಾಗ ಬನ್ನಿ.”

ಮಾತ್ರೆಯ ವಿಷಯ ಬಾಯಿಗೆ ಬರುವಷ್ಟರಲ್ಲಿ ಮುಂದಿನ ಟೋಕನ್ ಒಳಗೆ ಬಂದಾಗಿತ್ತು. ಆದರೂ ಅಕ್ಕ ಖುಷಿಯಾಗಿಯೇ ಹೊರಬಂದಳು. ನೋವಿದ್ದಾಗ ಬನ್ನಿ ಎಂದಿದ್ದಾರಲ್ಲ, ಅದು ಭರವಸೆಯೇ ತಾನೆ? ವಿಧೇಯಳಾದ ರೋಗಿ ಅವಳು. ನೋವಿದ್ದಾಗ ಬಂದಳು. ಅದೇ ಗುರುವಾರ. ಕಾರ್ಖಾನೆಯಲ್ಲಿ ಪೆಡಲ್ ಮೇಲಿನ ಕಾಲು ಎತ್ತಲಾಗದೆ ಕುಸಿದವಳನ್ನು ಸೂಪರ್‌ವೈಸರ್ ಮೇಡಂ ನೀರು ಕುಡಿಸಿ ಕೂರಿಸಿದ್ದರು. ನಾನು ಕ್ಲಾಸು ಬಿಟ್ಟು ಓಡಿ ಹೋಗಿ ಬಸ್ಸಿನಲ್ಲಿ ಕರೆತಂದೆ. ಮಧ್ಯಾಹ್ನವಾಗಿದ್ದರಿಂದ ಹೊರರೋಗಿಗಳ ವಿಭಾಗಕ್ಕೆ ಬೀಗ ಬಿದ್ದಿತ್ತು. ತುರ್ತು ವಿಭಾಗದ ಮೇಜಿನಲ್ಲಿದ್ದವರು ಅವಳ ಬಗ್ಗಿದ ಬೆನ್ನು ನೋಡಿ ಎದ್ದು ನಿಂತರು. ಅದು ನಿಜ, ಅವರು ಒಳ್ಳೆಯವರು. ಎಷ್ಟು ತಿಂಗಳು ಎಂದು ಕೇಳಿದರು.

“ತಿಂಗಳಲ್ಲ,” ಎಂದಳು ಅಕ್ಕ. “ಇನ್ನೂ ಆಗಿಲ್ಲ. ಆಗ್ಲಿ ಅಂತಾನೇ ನೋಡ್ತಿದೀವಿ.”

“ಬಸುರಿ ಅಲ್ವಾ? ಹಾಗಿದ್ರೆ ಇಲ್ಲಿ ಬರೋದಿಲ್ಲಮ್ಮ. ಮಂಗಳವಾರ ಬನ್ನಿ.” ಅವರು ಕೂತರು.

ಮಾನ್ಯರೇ, ಆ ಕೂತ ರೀತಿಯನ್ನು ನಾನು ಮರೆತಿಲ್ಲ. ಸಿಟ್ಟಿಲ್ಲ, ತಿರಸ್ಕಾರವಿಲ್ಲ, ಒಂದು ಸಣ್ಣ ನಿರಾಳ ಮಾತ್ರ. ಬಸುರಿಯಾಗಬೇಕಾದರೆ ನಿಮ್ಮಲ್ಲಿಗೆ ಬರಬೇಕು, ನಿಮ್ಮಲ್ಲಿ ಒಳಗೆ ಬಿಡಬೇಕಾದರೆ ಬಸುರಿಯಾಗಿರಬೇಕು. ಇಷ್ಟು ಅಚ್ಚುಕಟ್ಟಾದ ವ್ಯವಸ್ಥೆಯನ್ನು ಯಾರು ಯೋಚಿಸಿ ರೂಪಿಸಿದರು? ನಮ್ಮ ಹಾಸ್ಟೆಲಿನಲ್ಲೂ ಜ್ವರವನ್ನು ವಾರ್ಡನ್ ಬೆಳಗಿನ ಪ್ರಾರ್ಥನೆಯ ನಂತರ ಮಾತ್ರ ನೋಡುತ್ತಿದ್ದರು. ಆದರೆ ಸಂಜೆ ಜ್ವರ ಬಂದವಳನ್ನು ಬೆಳಿಗ್ಗೆ, ಈಗ ಜ್ವರ ಇಲ್ಲವಲ್ಲ ಎಂದು ಅವರು ಗದರಿದರೂ, ಅಡುಗೆಯವರು ಗುಟ್ಟಾಗಿ ಒಂದು ಲೋಟ ಬಿಸಿ ಹಾಲು ಕೊಟ್ಟಿರುತ್ತಿದ್ದರು. ನಿಮ್ಮ ಆಸ್ಪತ್ರೆಯಲ್ಲಿ ಆ ಗುಟ್ಟಿನ ಲೋಟ ಎಲ್ಲಿಯೂ ಕಾಣಲಿಲ್ಲ. ಭಾವನಿಗೆ ವಿಷಯ ತಿಳಿದಾಗ, “ಲಿಫ್ಟಲ್ಲಿ ಜನ ಸಿಕ್ಕಾಕೊಂಡಾಗ ಮಂಗಳವಾರ ಬರ್ತೀನಿ ಅಂತ ನಾನಂದ್ರೆ ಹೆಂಗಿರುತ್ತೆ?” ಎಂದರು. ಅಕ್ಕ ನಕ್ಕಳು. ನಕ್ಕಿದ್ದರಿಂದ ಹೊಟ್ಟೆ ಹಿಡಿದುಕೊಂಡು ಬಗ್ಗಿದಳು.

ಹೀಗೆ ತಿಂಗಳುಗಳು ಹೋದವು. ಶನಿವಾರದ ನೋವು, ಬುಧವಾರದ ನೋವು. ಮತ್ತೆ ಮತ್ತೆ ನೋವಿಲ್ಲದ ಮಂಗಳವಾರ. ಆ ಮಂಗಳವಾರಗಳಲ್ಲಿ ನಿಮ್ಮವರು ಬರೆದದ್ದು “ಸದ್ಯಕ್ಕೆ ತೊಂದರೆಯಿಲ್ಲ” ಎಂದು. ಮಾತ್ರೆಯ ಬಗ್ಗೆ ಕೇಳುವ ಮೊದಲೇ ಪ್ರತಿ ಸಲ ಮುಂದಿನ ಟೋಕನ್ ಕೂಗಿಯಾಗಿರುತ್ತಿತ್ತು. ಅಕ್ಕ ಒಂದೂ ಮಾತ್ರೆ ಮುಟ್ಟಲಿಲ್ಲ. ನಾನು ನೆಟ್‌ನಲ್ಲಿ ಹುಡುಕಿ, ಕೆಲವು ಮಾತ್ರೆ ಪರವಾಗಿಲ್ಲ ಅಂತಿದೆ ನೋಡು ಎಂದರೆ ಅವಳು ಮೊಬೈಲನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು. “ಆಸ್ಪತ್ರೇಲೇ ಬರೆದಿದಾರೆ ಕಣೆ. ನಾನು ನುಂಗಿ, ನಾಳೆ ಏನಾದ್ರೂ ಆದ್ರೆ? ಒಂದು ದಿನದ ನೋವು ತಾನೆ.” ಟವೆಲ್ಲಿನ ಅಂಚು ಕಚ್ಚಿ ಹಿಡಿದು ಆ ಒಂದು ದಿನವನ್ನು ಅವಳು ಕಳೆಯುತ್ತಿದ್ದಳು. ಮಗುವಿಗಾಗಿ ಪಡುವ ಮೊದಲ ನೋವು ಇದೇ ಎಂದು ಲೆಕ್ಕ ಇಟ್ಟುಕೊಂಡಿರಬೇಕು. ನನಗೆ ಹಾಗೆಂದು ಅವಳು ಹೇಳಲಿಲ್ಲ. ಆದರೆ ಆ ಟವೆಲ್ ಒಗೆದು ಒಣಗಿಸಿ ಮಡಚಿಡುವಾಗಿನ ಅವಳ ಜಾಗ್ರತೆ ನೋಡಿ ನನಗೆ ಹಾಗನ್ನಿಸಿತು.

ಕೊನೆಗೂ ಒಂದು ಮಂಗಳವಾರ ನೋವು ಬಂತು. ನಂಬುವಿರಾ, ನಮ್ಮ ಮನೆಯಲ್ಲಿ ಸಂಭ್ರಮ. ಅಕ್ಕ ಹಾಸಿಗೆಯಲ್ಲೇ ಕಣ್ಣು ಮುಚ್ಚಿ, “ಆಡಿಟರ್ ಬಂದ್ರು. ಬೇಗ ಬೇಗ, ಹೋಗಿಬಿಟ್ಟಾರು” ಎಂದಳು. ಭಾವ ರಜೆ ಹಾಕಿದರು. ಬಸ್ಸಿನ ಪ್ರತಿ ಕುಲುಕಿಗೂ ಅವಳ ತುಟಿ ಬಿಳುಪೇರುತ್ತಿತ್ತು, ಆದರೂ ಕಣ್ಣಲ್ಲಿ ಪರೀಕ್ಷೆಗೆ ಚೆನ್ನಾಗಿ ಓದಿಕೊಂಡು ಹೊರಟವಳ ಹೊಳಪು. ಈ ಸಲ ನೋವು ನಮ್ಮ ಜೊತೆಗಿತ್ತು, ತೋರಿಸಬಹುದಿತ್ತು.

ಅಂದು ಒಳಗಿದ್ದವರು ಬೇರೆ ವೈದ್ಯೆ, ಚಿಕ್ಕ ವಯಸ್ಸಿನವರು. ಅಕ್ಕನನ್ನು ಮಲಗಿಸಿ ಮುಟ್ಟಿ ನೋಡಿದರು. ಯಾವ ಕಡೆ ಎಂದು ಕೇಳಿದರು. ಒಂದು ವರ್ಷದಲ್ಲಿ ಹಾಗೆ ಕೇಳಿದವರು ಅವರೊಬ್ಬರೇ. ಈಗಲೇ ಸ್ಕ್ಯಾನ್ ಮಾಡಿದರೆ ಒಳ್ಳೆಯದಿತ್ತು, ಆದರೆ ಸ್ಕ್ಯಾನಿಂಗ್ ಕೋಣೆ ಈ ವಿಭಾಗಕ್ಕೆ ಶುಕ್ರವಾರ ಮಾತ್ರ ಎಂದು ತಾವೇ ತಪ್ಪು ಮಾಡಿದವರಂತೆ ಹೇಳಿದರು. ನೋವಿಗೆ ಏನು ತಗೊಳ್ತಿದೀರಿ ಎಂದು ಕೇಳಿದಾಗ ಅಕ್ಕ ಸ್ವಲ್ಪ ಹೆಮ್ಮೆಯಿಂದಲೇ ಉತ್ತರಿಸಿದಳು.

“ಏನೂ ಇಲ್ಲ ಡಾಕ್ಟ್ರೇ. ಒಂದೂ ತಗೊಂಡಿಲ್ಲ.”

ವೈದ್ಯೆಯ ಕೈ ನಿಂತಿತು. “ಯಾಕಮ್ಮಾ? ಆ ಬೋರ್ಡಿರೋದು ಕೆಲವು ಮಾತ್ರೆಗಳಿಗೆ. ಅವು ಅಂಡ ಬಿಡುಗಡೆಗೆ ಅಡ್ಡ ಬರಬಹುದು ಅಂತ. ಸಾದಾ ಜ್ವರದ ಮಾತ್ರೆ ನಿಮಗೆ ನಾನೇ ಕೊಡ್ತಿದ್ದೆ. ನೋವು ಕಡಿಮೆ ಆಗಿದ್ರೆ ಆ ದಿನಗಳಲ್ಲಿ ನೀವಿಬ್ರೂ...” ಅಷ್ಟಕ್ಕೇ ನಿಲ್ಲಿಸಿದರು. ಭಾವ ನೆಲ ನೋಡುತ್ತಿದ್ದರು.

ಅವರು ನಿಲ್ಲಿಸಿದ ವಾಕ್ಯವನ್ನು ನಾನು ಪೂರ್ತಿ ಮಾಡುತ್ತೇನೆ, ಮಾನ್ಯರೇ, ಏಕೆಂದರೆ ಅದು ನಿಮಗೆ ಸೇರಬೇಕಾದ ವಾಕ್ಯ. ಮಗುವಿಗೆ ಅಡ್ಡಿಯಾಗದಿರಲಿ ಎಂದು ನೀವು ಬರೆಸಿದ ಬೋರ್ಡನ್ನು ನನ್ನ ಅಕ್ಕ ಪಾಲಿಸಿದಳು. ಪಾಲಿಸಿದ್ದರಿಂದಲೇ, ಮಗು ಆಗಬಹುದಾಗಿದ್ದ ದಿನಗಳಲ್ಲಿ ಗಂಡನ ಕೈ ತಾಕಿದರೂ ಅವಳಿಗೆ ಸಹಿಸಲಾಗಲಿಲ್ಲ. ಮಾತ್ರೆ ತಗೊಂಡಿದ್ದರೆ ಮಗು ಆಗಿಯೇ ಬಿಡುತ್ತಿತ್ತು ಎಂದು ನಾನು ಹೇಳುತ್ತಿಲ್ಲ, ಅದು ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಆದರೆ ಗೊತ್ತುಮಾಡಿಕೊಳ್ಳುವ ಅವಕಾಶವೇ ಅವಳಿಗೆ ಸಿಗಲಿಲ್ಲ. ವೈದ್ಯರನ್ನು ಕೇಳದೆ ನುಂಗಬಾರದು ಎಂದು ಬರೆಸಿದವರು, ಕೇಳಲು ಒಬ್ಬ ವೈದ್ಯರನ್ನು ಬೋರ್ಡಿನ ಪಕ್ಕದಲ್ಲಿ ಯಾಕೆ ಕೂರಿಸಲಿಲ್ಲ? ಸಿಬ್ಬಂದಿ ಕೊರತೆ ಎನ್ನುವಿರಿ. ಬಣ್ಣಕ್ಕೆ ಕೊರತೆ ಇರಲಿಲ್ಲವಲ್ಲ, ಇನ್ನೊಂದು ಸಾಲು ಬರೆಸಬಹುದಿತ್ತಲ್ಲ? ಜನರಿಗೆ ತಿಳಿವಳಿಕೆ ಇಲ್ಲ ಎಂದು ನಿಮ್ಮ ವಾರ್ಷಿಕ ಭಾಷಣದಲ್ಲಿ ಹೇಳುತ್ತೀರಂತೆ. ನನ್ನ ಅಕ್ಕನಿಗೆ ತಿಳಿವಳಿಕೆ ಇತ್ತು. ನೀವು ತಿಳಿಸಿದಷ್ಟೂ ಇತ್ತು. ಅದೇ ಕಷ್ಟವಾಯಿತು.

ಅಂದು ಹೊರಗೆ ಬಂದು ಅದೇ ಬೆಂಚಿನಲ್ಲಿ ಕೂತಾಗ ಅಕ್ಕ ಬೋರ್ಡಿನ ಮಗುವನ್ನೇ ನೋಡುತ್ತಿದ್ದಳು. ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. ಆ ಮಗುವಿಗೆ ಹಲ್ಲು ಜಾಸ್ತಿಯಾಯಿತು ಎಂದಳು, ಅಷ್ಟೇ. ಮನೆಗೆ ಹೋಗುವ ಬಸ್ಸಿನಲ್ಲಿ ಯಾವ ತಮಾಷೆಯೂ ಬರಲಿಲ್ಲ.

ಕಳೆದ ತಿಂಗಳು ನೋವು ಮತ್ತೆ ಬಂತು, ಬಲಗಡೆ. ಅಕ್ಕ ಆಡಿಟರ್ ಎನ್ನಲಿಲ್ಲ. ವೈದ್ಯೆ ಬರೆದುಕೊಟ್ಟ ಮಾತ್ರೆ ನುಂಗಿದಳು, ನೋವು ಸ್ವಲ್ಪ ತಗ್ಗಿತು, ಬುತ್ತಿ ಕಟ್ಟಿಕೊಂಡು ಕೆಲಸಕ್ಕೆ ಹೊರಟಳು. ನಾನು ಎಂದಿನಂತೆ ಚೀಲ ಹೆಗಲಿಗೇರಿಸಿ, ಲೈಬ್ರರಿಗೆ ಹೋಗಿ ತಡವಾಗಿ ಬರುತ್ತೇನೆ ಎಂದೆ.

ಅವಳು ಚಪ್ಪಲಿ ಮೆಟ್ಟುತ್ತಿದ್ದಳು. ಭಾವ ಬಾಗಿಲಲ್ಲಿದ್ದರು.

“ಬೇಡ ಬಿಡು,” ಎಂದಳು. “ಇನ್ಮೇಲೆ ಮನೇಲೇ ಓದ್ಕೋ.”

ನಾನು ಭಾವನ ಮುಖ ನೋಡಿದೆ. ಅವರು ಹೊರಗೆ ರಸ್ತೆ ನೋಡುತ್ತಿದ್ದರು. ಅಂದಿನಿಂದ ನಾನು ಮನೆಯಲ್ಲೇ ಓದುತ್ತಿದ್ದೇನೆ. ಅಕ್ಕ ಆ ದಿನಗಳ ಲೆಕ್ಕ ಇಡುವುದನ್ನೇ ಬಿಟ್ಟಿದ್ದಾಳೆ. ಮೂವರೂ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೇವೆ. ಮನೆ ಬಹಳ ಶಾಂತವಾಗಿದೆ.

ಆದ್ದರಿಂದ ಮಾನ್ಯರೇ, ಈ ಪತ್ರ ಅಕ್ಕನಿಗಾಗಿ ಏನನ್ನೂ ಬೇಡುತ್ತಿಲ್ಲ. ಆದರೆ ಆ ಬೆಂಚು ಖಾಲಿಯಿಲ್ಲ. ಮೊನ್ನೆ ಅಕ್ಕನ ಔಷಧಿಗೆಂದು ಬಂದಾಗ ಅಲ್ಲಿ ಒಬ್ಬಳು ಕೂತು, ತುಟಿ ಅಲ್ಲಾಡಿಸುತ್ತ ಆ ಬೋರ್ಡನ್ನು ಓದುತ್ತಿದ್ದಳು. ನಾನು ಹೋಗಿ ಹೇಳಬೇಕೆಂದುಕೊಂಡೆ. ನಾನು ಯಾರು ಹೇಳಲಿಕ್ಕೆ? ಹೇಳಬೇಕಾದವರು ನೀವು. ಯಾವ ಮಾತ್ರೆ ಬೇಡ, ಯಾವುದು ಆಗಬಹುದು, ಯಾರನ್ನು ಕೇಳಬೇಕು ಎಂದು ಆ ಗೋಡೆಯ ಮೇಲೆ ಪೂರ್ತಿ ಬರೆಸಿ. ನೋವು ಬಂದ ದಿನ ಬಂದವಳನ್ನು, ಬಸುರಿಯೋ ಅಲ್ಲವೋ ಎಂದು ಅಳೆಯುವ ಮೊದಲು, ಯಾವ ಕಡೆ ನೋವು ಎಂದು ಕೇಳುವ ಒಬ್ಬರನ್ನು ಬಾಗಿಲಲ್ಲಿ ಕೂರಿಸಿ, ಅದೇ ದಿನ ಸ್ಕ್ಯಾನ್ ಕೋಣೆಯ ಬೀಗ ತೆಗೆಸಿ. ಈ ಕೆಲಸ ಮಂಗಳವಾರವೇ ಆಗಬೇಕೆಂಬ ಹಟ ನಮಗಿಲ್ಲ. ನಿಮಗೆ ನೋವಾದ ದಿನ ಮಾಡಿದರೂ ಸಾಕು.

ಇಂತಿ,
ನಿಮ್ಮ ಬೆಂಚಿನ ತುದಿಯಲ್ಲಿ ಅಕ್ಕನ ಚೀಲ ಹಿಡಿದು ಕೂರುತ್ತಿದ್ದವಳು,
ಈಗ ಸಂಜೆಗಳೆಲ್ಲ ಮನೆಯಲ್ಲೇ ಓದುವವಳು