ಮೂವತ್ತು ಸಲಕ್ಕೆ ಹರಿದುಹೋದ ಪುಸ್ತಕ

ಹುಲಗೋಳ, ಶಿರಸಿ ತಾಲೂಕು

ಸಂಜಯಣ್ಣ,

ಕ್ಷೇಮ ಕೇಳುವ ಮನಸ್ಸಿಲ್ಲದೆ ಈ ಪತ್ರ ಶುರು ಮಾಡುತ್ತಿದ್ದೇನೆ. ಹುಬ್ಬಳ್ಳಿಯ ನಿಮ್ಮ ಪ್ರಕಾಶನದ ಕಚೇರಿಯಲ್ಲಿ ಎರಡು ತಾಸು ಕುಳಿತು ಮೂರು ಮಾತೂ ಆಡದೆ ಬಂದ ಭೂಮಿಕಾ ನಾನು. ಏಳನೆಯ ತರಗತಿ ಓದಿದವಳು ಏನು ಬರೆದಾಳು ಎಂದು ಬೇರೆಯವರು ನೋಟುಬುಕ್ಕನ್ನು ತೆರೆಯದೆ ವಾಪಸು ಕಳಿಸಿದಾಗ ನೀವು ಓದಿದಿರಿ, ಅಚ್ಚು ಹಾಕಿದಿರಿ. ಅದನ್ನು ಮರೆತಿಲ್ಲ. ಮರೆಯದೆ ಇದ್ದುದಕ್ಕೇ ಇಷ್ಟು ದಿನ ಸಿಟ್ಟು ನುಂಗಿಕೊಂಡಿದ್ದೆ. ಇನ್ನು ನನ್ನಿಂದಾಗುವುದಿಲ್ಲ.

ನನ್ನ ಅವ್ವ ಸುಬ್ಬಿಯ ಕಣ್ಣಿನ ನಡುಭಾಗ ಎರಡು ವರ್ಷದಿಂದ ಮಾಸುತ್ತಾ ಬಂದಿದೆ. ಕನ್ನಡಕದಿಂದಲೂ ಆಪರೇಷನ್ನಿನಿಂದಲೂ ಸರಿಹೋಗುವುದಲ್ಲ, ಕಾಣುವಷ್ಟು ದಿನ ಕಾಣಲಿ ಎಂದು ಶಿರಸಿಯ ಡಾಕ್ಟರು ಹೇಳಿದ್ದಾರೆ. ಅವಳು ಮದುವೆಯಾದ ಮೇಲೆ ಸಾಕ್ಷರತೆಯ ತರಗತಿಯಲ್ಲಿ ಅಕ್ಷರ ಕಲಿತವಳು. ಬಸ್ಸಿನ ಬೋರ್ಡು, ಲಗ್ನಪತ್ರ ಬಿಟ್ಟರೆ ಏನನ್ನೂ ಓದಿದವಳಲ್ಲ. ನನ್ನ ಪುಸ್ತಕ ಬಂದ ದಿನ ಅಚ್ಚಿನ ಪುಟವನ್ನು ಮೂಗಿನ ತನಕ ಹಿಡಿದು, ಇರುವೆ ಹರಿದಾಡಿದ ಹಾಗೆ ಕಾಣುತ್ತದೆ ಎಂದು ಕೆಳಗಿಟ್ಟಳು. ನಾನು ಓದಿ ಹೇಳಲೇ ಎಂದೆ. "ಬ್ಯಾಡ. ನೀ ಬರ್ದಿದ್ದು ನಾನೇ ಓದೂದು," ಎಂದಳು.

ನನಗೂ ಅದೇ ಬೇಕಿತ್ತು. ಪುಸ್ತಕದ ಕೊನೆಯ ಬರಹ ನಿಮಗೆ ನೆನಪಿರಬೇಕು. ನಮ್ಮ ಊರಿನಲ್ಲಿ ಎಲ್ಲರೂ ಸುಬ್ಬಿ ಮಗಳ ಶಾಲೆ ಬಿಡಿಸಿದಳು ಎನ್ನುತ್ತಾರೆ. ನಿಜ ಅದಲ್ಲ. ಹೈಸ್ಕೂಲಿಗೆ ಸೇರಿದ ಮೂರನೆಯ ದಿನ ಹಾಜರಿ ಕೂಗಿದಾಗ ನನ್ನ ದನಿ ಹೊರಡಲಿಲ್ಲ. ಇಡೀ ತರಗತಿ ನಕ್ಕಿತು. ನಾನು ಮನೆಗೆ ಓಡಿಬಂದೆ, ಮತ್ತೆ ಹೋಗಲಿಲ್ಲ. ಅವ್ವ ಬೈದಳು, ಕೈ ಮುಗಿದಳು, ಶಾಲೆಯ ಗೇಟಿನ ತನಕ ಎಳೆದುಕೊಂಡೂ ಹೋದಳು. ಕೊನೆಗೆ ಮಾಸ್ತರರು ವಿಚಾರಿಸಲು ಮನೆಗೆ ಬಂದಾಗ ನಾನು ಬಾಗಿಲ ಹಿಂದೆ ನಡುಗುತ್ತಿದ್ದೆ. ಅವಳು ನನ್ನ ಕಡೆ ಒಮ್ಮೆ ನೋಡಿ, "ಮನೇಲಿ ಕೆಲಸ ಅದೆ ಮಾಸ್ತರ್ರೆ, ನಾನೇ ಬಿಡಿಸ್ದೆ," ಎಂದುಬಿಟ್ಟಳು. ಅಂದಿನಿಂದ ಹತ್ತು ವರ್ಷ ಊರಿನ ಬಾಯಿಗೆ ಸಿಕ್ಕವಳು ಅವಳು. ಚಿಕ್ಕಮ್ಮ ಗಿರಿಜವ್ವ ಹಬ್ಬದ ಊಟಕ್ಕೆ ಬಂದಾಗಲೆಲ್ಲ, ಬಂಗಾರದಂಥ ಮಗಳನ್ನು ಸಗಣಿ ಬಾಚಲು ಹಚ್ಚಿದವಳು ಎಂದು ಚುಚ್ಚುತ್ತಿದ್ದಳು. ಅವ್ವ ಇನ್ನೊಂದು ಸೌಟು ಪಾಯಸ ಬಡಿಸುತ್ತಿದ್ದಳು. ನಾನು ಎಲೆ ನೋಡುತ್ತಾ ಉಣ್ಣುತ್ತಿದ್ದೆ.

ಅವಳ ಎದುರಿಗೆ ಹೇಳಲಾಗದ್ದನ್ನು ಆ ಕೊನೆಯ ಬರಹದಲ್ಲಿ ಬರೆದೆ. ಅವಳು ಒಬ್ಬಳೇ ಕುಳಿತು, ತನ್ನದೇ ಕಣ್ಣಿನಿಂದ, ನಾನು ಎದುರಿಗೆ ಇಲ್ಲದಾಗ ಅದನ್ನು ಓದಲಿ ಎಂಬ ಆಸೆ. ನನ್ನಂಥ ಹೇಡಿಗೆ ಬೇರೆ ದಾರಿ ಗೊತ್ತಿರಲಿಲ್ಲ.

ನಮ್ಮ ಪಂಚಾಯಿತಿ ಗ್ರಂಥಾಲಯವನ್ನು ನೋಡಿಕೊಳ್ಳುವ ಜಯಕ್ಕ ಒಂದು ದಿನ ನಮ್ಮ ಮನೆಗೇ ಬಂದರು. ಪುಸ್ತಕ ಗ್ರಂಥಾಲಯದ ಟ್ಯಾಬಿನಲ್ಲೂ ಬಂದಿದೆ, ಎರಡು ಬೆರಳಿನಿಂದ ಹಿಗ್ಗಿಸಿದರೆ ಅಕ್ಷರ ಬೇಕಾದಷ್ಟು ದೊಡ್ಡದಾಗುತ್ತದೆ ಎಂದು ತೋರಿಸಿದರು. ಪರದೆಗೆ ನಾಲ್ಕೇ ಶಬ್ದ ಹಿಡಿಯಿತು. ಅವ್ವ ಆ ನಾಲ್ಕು ಶಬ್ದ ಓದಿದಳು. ಮುಂದಿನ ನಾಲ್ಕು ಓದಿದಳು. ಆಮೇಲೆ ಒಲೆಯ ಮೇಲಿದ್ದ ಹಾಲು ಉಕ್ಕಿದ್ದೂ ಗೊತ್ತಾಗಲಿಲ್ಲ ಅವಳಿಗೆ.

ದಿನಕ್ಕೆ ಒಂದು ಬರಹ. ಊಟವಾದ ಮೇಲೆ ಜಯಕ್ಕನಿಂದ ಟ್ಯಾಬು ತರುವುದು, ಜಗುಲಿಯಲ್ಲಿ ಕುಳಿತು ಓದುವುದು, ಹೊತ್ತು ಇಳಿಯುವಾಗ ವಾಪಸು. ಬೇರೆಯವರ ಮನೆಯ ವಸ್ತುವನ್ನು ದೀಪ ಹಚ್ಚುವ ಮೊದಲು ಮುಟ್ಟಿಸಿ ಬರಬೇಕು ಎಂಬುದು ನಮ್ಮ ಕಡೆಯ ರೂಢಿ. ಮೊರ ತಂದರೂ ಅಷ್ಟೇ, ಕೊಳಗ ತಂದರೂ ಅಷ್ಟೇ. ಟ್ಯಾಬು ಕೊಟ್ಟರೆ ಸಾಲದು, ಒಳಗಿನ ಪುಸ್ತಕವೂ ತಿರುಗಿ ಹೋಗಬೇಕಲ್ಲ ಎಂದು ಅವ್ವ ಕೇಳಿದಳು. ಹಾಗಾದರೆ ಇದನ್ನು ಒತ್ತು ಎಂದು ಜಯಕ್ಕ 'ಹಿಂತಿರುಗಿಸಿ' ಎಂಬ ಗುಂಡಿ ತೋರಿಸಿದರು. ದಿನವೂ ಅವಳೇ ಒತ್ತಿದಳು. ಒತ್ತಿ, ಯಾರ ಹಂಗೂ ಇಲ್ಲದವಳ ಹಾಗೆ ಮನೆಗೆ ಬರುತ್ತಿದ್ದಳು.

ಇಪ್ಪತ್ತೊಂಬತ್ತು ಬರಹ ಓದಿದಳು. ಇನ್ನು ಮೂರು ಉಳಿದಿದ್ದವು. ಮೂವತ್ತನೆಯ ದಿನ ಪುಸ್ತಕದ ಜಾಗದಲ್ಲಿ ಬೂದು ಬಣ್ಣದ ಚೌಕ. ಜಯಕ್ಕ ಟ್ಯಾಬನ್ನು ಮೂರು ಸಲ ಆರಿಸಿ ಹಚ್ಚಿದರು. "ಆನು ಎಂತ ಮಾಡ್ಲೇ ಕೂಸೆ, ಒತ್ತಿರೂ ಬತ್ತಿಲ್ಲೆ," ಎಂದರು. ಆಮೇಲೆ ತಿಳಿಯಿತು. ನಿಮ್ಮ ಪ್ರಕಾಶನದ ಲೆಕ್ಕದಲ್ಲಿ ಟ್ಯಾಬಿನ ಪುಸ್ತಕ ಒಂದು ಗ್ರಂಥಾಲಯಕ್ಕೆ ಮೂವತ್ತು ಎರವಲು, ಅಲ್ಲಿಗೆ ಮುಗಿಯಿತು. ಬಂದ ದಿನ ಜಯಕ್ಕ ತೆರೆದು ನೋಡಿದ್ದು ಒಂದು. ಉಳಿದ ಇಪ್ಪತ್ತೊಂಬತ್ತೂ ನನ್ನ ಅವ್ವ. ದಿನವೂ ಮರ್ಯಾದೆಯಿಂದ ತಿರುಗಿಸಿ ಕೊಟ್ಟಿದ್ದನ್ನು ನಿಮ್ಮ ಯಂತ್ರ ಇಪ್ಪತ್ತೊಂಬತ್ತು ಜನ ಎಂದು ಎಣಿಸಿತು. ಪ್ರತಿ ಸಲ ಹದಿನಾಲ್ಕು ದಿನ ಇಟ್ಟುಕೊಂಡಿದ್ದರೆ ಮೂರೇ ಎರವಲಿನಲ್ಲಿ ಮುಗಿಯುತ್ತಿತ್ತಂತೆ. ವಾಪಸು ಕೊಡುವವರಿಗೆ ಶಿಕ್ಷೆ ಕೊಡುವ ಗ್ರಂಥಾಲಯವನ್ನು ನಾನು ಇದೇ ಮೊದಲು ನೋಡಿದ್ದು.

ಯಲ್ಲಾಪುರದ ಬಸ್ಸು ಹಿಡಿದು ನಂದೊಳ್ಳಿಯ ಗ್ರಂಥಾಲಯಕ್ಕೂ ಹೋದೆ. ಅಲ್ಲಿ ಪುಸ್ತಕ ಇತ್ತು, ಆದರೆ ಯಾರೋ ತೆಗೆದುಕೊಂಡಿದ್ದರು. ಒಬ್ಬರ ಹತ್ತಿರ ಇದ್ದರೆ ಇನ್ನೊಬ್ಬರು ಹದಿನಾಲ್ಕು ದಿನ ಕಾಯಬೇಕಂತೆ. ಕಾದು ಹೋದರೆ, ಬೇರೆ ತಾಲೂಕಿನವರಿಗೆ ಕೊಡಲು ಬರುವುದಿಲ್ಲವಂತೆ. ನನ್ನದೇ ಪುಸ್ತಕ ಎಂದು ಹೇಳಲು ಬಾಯಿ ಬರಲಿಲ್ಲ. ಅಚ್ಚಿನ ಪುಟಗಳನ್ನು ಶಿರಸಿಯಲ್ಲಿ ಜೆರಾಕ್ಸ್ ಮಾಡಿ ದೊಡ್ಡದು ಮಾಡಿಸಿದೆ. ಅಕ್ಷರ ಒಡೆದು ಮಸಿಯ ಕಲೆಯಾಯಿತು. ನನ್ನದು ಗುಂಡಿ ಒತ್ತುವ ಫೋನು, ಅದರಲ್ಲಿ ಏನೂ ಕಾಣುವುದಿಲ್ಲ.

ನಿಮಗೆ ಮೂರು ಪತ್ರ ಬರೆದೆ. ಮೊದಲೆರಡಕ್ಕೆ ಉತ್ತರವಿಲ್ಲ. ಮೂರನೆಯದಕ್ಕೆ ಫೋನು ಮಾಡಿದಿರಿ. ಆ ಮಾತು ಒಂದಕ್ಷರವೂ ಮರೆತಿಲ್ಲ. "ತಂಗಿ, ಕಾಗದದ ಪುಸ್ತಕನೂ ಮಂದಿ ಕೈಯಾಗ ಹರೀತದಲ್ಲ? ಇದು ಮೂವತ್ತಕ್ಕ ಹರೀತು ಅಂತ ತಿಳ್ಕೋ. ಎಲ್ಲಾರೂ ಪುಕ್ಕಟ ಓದಿದ್ರ ನಿನ್ನ ಪುಸ್ತಕ ಯಾರು ಕೊಳ್ತಾರ?" ಎಂದಿರಿ. ಈ ಷರತ್ತು ನಾನು ಸಹಿ ಮಾಡಿದ ಕಾಗದದಲ್ಲೇ ಇದೆ ಎಂದೂ ಹೇಳಿದಿರಿ. ನಾನು ಹೂಂ ಎಂದು ಇಟ್ಟೆ.

ಈಗ ಉತ್ತರ ಹೇಳುತ್ತೇನೆ. ನಮ್ಮ ಗ್ರಂಥಾಲಯದಲ್ಲಿ ಹರಿದ ಪುಸ್ತಕಕ್ಕೆ ಜಯಕ್ಕ ಮೈದಾ ಅಂಟು ಹಚ್ಚಿ ಹಾಳೆ ಕೂಡಿಸುತ್ತಾರೆ. ಬೆನ್ನು ಬಿಟ್ಟರೆ ನಾನೇ ಬ್ಲೌಸು ಹೊಲಿಯುವ ದಾರದಿಂದ ಹೊಲಿದು ಕೊಟ್ಟಿದ್ದೇನೆ. ಹರಿದದ್ದನ್ನು ಹೊಲಿಯಬಹುದು ಸಂಜಯಣ್ಣ. ಹರಿಯದೇ ಇರುವುದನ್ನು ಹರಿದಿದೆ ಎಂದು ನೀವು ಬೀಗ ಹಾಕಿದಿರಿ. ಅದಕ್ಕೆ ಎಲ್ಲಿ ಸೂಜಿ ಹಾಕಲಿ? ಇನ್ನು ಕೊಳ್ಳುವ ಮಾತು. ನನ್ನ ಅವ್ವನಿಗೆ ಆ ಅಚ್ಚಿನ ಪುಸ್ತಕ ಕೊಂಡು ಪ್ರಯೋಜನವಿತ್ತೇ? ಅವಳು ಗ್ರಂಥಾಲಯಕ್ಕೆ ಹೋದದ್ದು ನಿಮ್ಮ ಯಾವ ವ್ಯಾಪಾರವನ್ನು ಕೆಡಿಸಿತು? ಸಹಿಯ ತಪ್ಪು ನನ್ನದು, ಒಪ್ಪಿದೆ. ಏಳು ಹಾಳೆಯ ಇಂಗ್ಲಿಷ್ ಕಾಗದವನ್ನು ಮುಂದಿಟ್ಟಾಗ ಇದೇನು ಎಂದು ಕೇಳಲು ನಾಚಿದೆ. ಆದರೆ ನಾಚುತ್ತೇನೆಂದು ನಿಮಗೆ ಕಂಡಿತ್ತಲ್ಲ? ನೀವಾದರೂ ಹೇಳಬಹುದಿತ್ತು.

ನಿಮ್ಮ ಉತ್ತರ ಕಾಯುತ್ತಾ ನಾಲ್ಕು ತಿಂಗಳು ಹೋಯಿತು. ಆಮೇಲೆ ನಾನು ಡ್ರಾಯಿಂಗ್ ಹಾಳೆ, ದಪ್ಪ ಮಾರ್ಕರ್ ಪೆನ್ನು ತಂದು ಉಳಿದ ಮೂರು ಬರಹವನ್ನು ಕೈಯಾರೆ ಬರೆದೆ. ಹಾಳೆಗೆ ನಾಲ್ಕು ಶಬ್ದ. ಅವ್ವ ಮೊದಲ ಎರಡು ಬರಹ ಓದಿದಳು, ಬಹಳ ನಿಧಾನವಾಗಿ. ಮೂರನೆಯದನ್ನು ಹಿಡಿಯುವ ಹೊತ್ತಿಗೆ ಹಾಳೆಗೆ ಒಂದೇ ಶಬ್ದ ಬರೆಯಬೇಕಾಯಿತು. ಕಳೆದ ಮಂಗಳವಾರ ಒಂದು ಹಾಳೆಯನ್ನು ಬೆಳಕಿಗೆ ಹಿಡಿದಳು, ತಿರುಗಿಸಿದಳು, ಓರೆ ಮಾಡಿ ನೋಡಿದಳು. ಆಮೇಲೆ ನನ್ನ ಕಡೆ ಚಾಚಿದಳು. "ಕಾಣೂದಿಲ್ಲ ಮಗಾ. ನೀನೇ ಓದು."

ಓದಿದೆ. ಹಾಜರಿಗೆ ದನಿ ಹೊರಡದವಳು ಜಗುಲಿಯಲ್ಲಿ ಅವಳ ಎದುರು ಕುಳಿತು, ನನ್ನ ಶಾಲೆ ಬಿಡಿಸಿದ್ದು ಅವ್ವ ಅಲ್ಲ, ನಾನು ಎಂದು ಗಟ್ಟಿಯಾಗಿ ಓದಿದೆ. ಮುಗಿದ ಮೇಲೆ ಅವಳು ಹಾಳೆಗಳನ್ನು ತಡವಿ ಒಟ್ಟು ಮಾಡಿದಳು. "ನಾ ಹೇಳಿದ್ದು ಹಂಗೇ ಇರ್ಲಿ ಅಂತಿದ್ದೆ. ಮಂದಿಗೆ ಎಂತಕ್ಕೆ ಹೇಳೂಕೆ ಹೋದ್ಯೆ?" ಎಂದಳು. ಬೈದದ್ದಲ್ಲ. ನನ್ನ ತಲೆಯ ಮೇಲೆ ಕೈಯಿಡಲು ಬಂದು, ಅಂದಾಜು ತಪ್ಪಿ ಕಿವಿ ಮುಟ್ಟಿದಳು.

ಹಾಗಾದರೆ ಒಳ್ಳೆಯದೇ ಆಯಿತಲ್ಲ ಎನ್ನಬೇಡಿ. ನೀವು ಹಾಗೆ ಅನ್ನುವವರೆಂದು ಗೊತ್ತಿರುವುದಕ್ಕೇ ಇದನ್ನೆಲ್ಲ ಬರೆದೆ. ಆ ನಾಲ್ಕು ತಿಂಗಳು ಅವಳಿಗೆ ಕಣ್ಣಿತ್ತು. ನಾನು ಓದಿ ಹೇಳಿದ್ದು ನನ್ನ ಸಮಾಧಾನಕ್ಕಾಯಿತು. ಅವಳು ಜನ್ಮದಲ್ಲಿ ಓದಿದ್ದು ಒಂದೇ ಪುಸ್ತಕ, ಅದನ್ನು ಮುಗಿಸಲಿಲ್ಲ. ಒಂದು ಬರಹ ಉಳಿಯಿತು, ಮತ್ತು ಅದು ಅವಳದ್ದಾಗಿತ್ತು.

ಈಗ ಕೈಬರಹದ ಆ ಹಾಳೆಗಳು ಜಯಕ್ಕನ ಗ್ರಂಥಾಲಯದ ಕಪಾಟಿನಲ್ಲಿವೆ. ಅನುಮತಿಯಿಲ್ಲದೆ ನಕಲು ಮಾಡಬಾರದು ಎಂದು ನಿಮ್ಮ ಕಾಗದದಲ್ಲಿದೆಯಂತೆ, ಸುಮಂತ ವಕೀಲರು ಓದಿ ಹೇಳಿದರು. ನಾನು ಅನುಮತಿ ಕೇಳಿಲ್ಲ, ಕೇಳುವುದೂ ಇಲ್ಲ. ಎರಡನೆಯ ಪುಸ್ತಕದ ನೋಟುಬುಕ್ಕು ಬರೆದು ಮುಗಿದಿದೆ. ಗ್ರಂಥಾಲಯಗಳಿಗೆ ಕೊಡುವ ಪುಸ್ತಕಕ್ಕೆ ಎಣಿಕೆ ಇಲ್ಲ ಎಂದು ನೀವು ಕನ್ನಡದಲ್ಲಿ ಬರೆದು ಕೊಡುವ ತನಕ ಅದು ನಿಮ್ಮ ಊರಿಗೆ ಬರುವುದಿಲ್ಲ.

ನಿಮ್ಮ ತಾಯಿ ಇದ್ದಾರೆಂದು ಕೇಳಿದ್ದೇನೆ. ಅವರ ಕಣ್ಣು ಕಡೆಯ ದಿನದ ತನಕ ನಿಚ್ಚಳವಾಗಿರಲಿ, ಹಿಡಿದ ಪುಸ್ತಕವನ್ನು ಅವರು ಕೊನೆಯ ಪುಟದ ತನಕ ತಾವೇ ಓದುವಂತಾಗಲಿ. ಇದು ಸಿಟ್ಟಿನ ಮಾತಲ್ಲ.

ಸುಬ್ಬಿಯ ಮಗಳು,
ಭೂಮಿಕಾ